ಅಮಲ್ದಾರರ ಮೇಲೆ ಯಾರೂ ಗುಂಡು ಹಾರಿಸಲಿಲ್ಲ

ರುದ್ರೇಶಣ್ಣನ ಮುಖ ನೋಡುವ ಮೊದಲು ಎರಡು ವರ್ಷ ನಾನು ಅವನ ಬೈಗುಳ ಕೇಳಿದ್ದೆ. ಇಯರ್‌ಫೋನ್ ಸಿಕ್ಕಿಸಿಕೊಂಡ ಕೂಡಲೇ ಗಂಟಲು ಕೆರೆದುಕೊಂಡ ಸದ್ದು, ಅದರ ಹಿಂದೆಯೇ ಬೈಗುಳ. "ಕಣ್ಣೇನು ಕಡೂರು ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಬಂದಿದ್ಯೇನೇ? ಎಡಕ್ಕೆ ಅಂದ್ರೆ ಬಲಕ್ಕೆ ಓಡ್ತೀಯಲ್ಲೇ! ಯಾವನೇ ನಿಂಗೆ ಪೇಪರ್‌ನಲ್ಲಿ ಕೆಲ್ಸ ಕೊಟ್ಟೋನು?"

ನಾನು ಆಗ ಕಡೂರಿನಲ್ಲಿ ಒಂದು ಸಣ್ಣ ಪತ್ರಿಕೆಯ ವರದಿಗಾರ್ತಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಊರಿನಲ್ಲಿ ಸುದ್ದಿ ಹುಟ್ಟುವುದಿಲ್ಲ. ಆ ಎರಡು ಗಂಟೆ ನಾನು ಫೋನಿನಲ್ಲಿ ಗುಂಡಿನ ಆಟ ಆಡುತ್ತಿದ್ದೆ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ, ಸಿಕ್ಕಿದ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದಂತೆ. ನಮ್ಮದು ನಾಲ್ಕು ಜನರ ತಂಡ: ನಾನು, ತರೀಕೆರೆಯ ಬೇಕರಿ ಲೋಕೇಶ, ಲಿಂಗದಹಳ್ಳಿ ಕಡೆಯ ಒಬ್ಬರು ಮೇಷ್ಟ್ರು, ಮತ್ತು ನಾಯಕ ರುದ್ರೇಶಣ್ಣ. ಆಟದಲ್ಲಿ ಅವನ ಹೆಸರು 'ಅಮಲ್ದಾರ್'. ಬುಕ್ಕಾಂಬುಧಿ ಹತ್ತಿರ ತೆಂಗಿನ ತೋಟವಿದೆ, ನಲವತ್ತರ ಆಸುಪಾಸಿನ ವಯಸ್ಸು, ಇಷ್ಟು ಬಿಟ್ಟು ನಮಗೆ ಬೇರೇನೂ ಗೊತ್ತಿರಲಿಲ್ಲ.

ಹೆಸರಿಗೆ ತಕ್ಕಂತೆ ಅವನು ಇಡೀ ದ್ವೀಪವನ್ನು ಕಂದಾಯ ಇಲಾಖೆಯ ಭಾಷೆಯಲ್ಲೇ ಆಳುತ್ತಿದ್ದ. "ಆ ಗುಡ್ಡ ನಮ್ಮ ಖಾತೆ ಕಣ್ರೋ, ಕಾಲಿಟ್ಟೋರ ಪಹಣಿ ಹರಿದಾಕ್ರಿ" ಅನ್ನುತ್ತಿದ್ದ. ಯಾರನ್ನಾದರೂ ಕೊಂದರೆ "ಒಂದು ಖಾತೆ ವಜಾ!" ಎಂದು ಕೂಗುತ್ತಿದ್ದ. ದೂರದ ಹೆಜ್ಜೆ ಸದ್ದು ಕೇಳಿಯೇ ಎಷ್ಟು ಜನ, ಯಾವ ಕಡೆ ಅಂತ ಹೇಳಿಬಿಡುತ್ತಿದ್ದ. ಕರುಣೆ ಅನ್ನುವುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಗಾಯಗೊಂಡು ತೆವಳುವವನನ್ನೂ ಹುಡುಕಿಕೊಂಡು ಹೋಗಿ ಮುಗಿಸುತ್ತಿದ್ದ.

ಹೆಂಗಸಿನ ದನಿ ಕೇಳಿದರೆ ಆ ಆಟದಲ್ಲಿ ಎರಡೇ ಆಗುವುದು. ಒಂದೋ ಹೊಲಸು ಮಾತು, ಇಲ್ಲವೇ ಅದಕ್ಕಿಂತ ಹೊಲಸಾದ ಉಪಕಾರ. ಒಂದು ಸಲ ಎದುರಾಳಿಯೊಬ್ಬ ನನ್ನ ದನಿ ಕೇಳಿ, "ಹುಡ್ಗಿ ಕಣ್ರೋ, ಪಾಪ ಬಿಟ್ಬಿಡಿ" ಅಂದ. ನನಗೆ ಖುಷಿಯೇ ಆಗಿತ್ತು. ರುದ್ರೇಶಣ್ಣ ಎಲ್ಲರಿಗೂ ಕೇಳುವಂತೆ ಮೈಕ್ ತೆರೆದು ಸಿಡಿದ: "ಯಾವನ್ಲೇ ಅವ್ನು ಪಾಪ ಅಂದೋನು? ನಿನ್ನ ಎದೆ ಮೇಲೆ ಕಾಲಿಟ್ಟು ಹೋಗ್ತಾಳೆ ಕಣೋ ಅವ್ಳು. ಲೇ ಪೇಪರ್‌ನೋಳೇ, ಬಿಟ್ಟೋನ್ನ ಮೊದ್ಲು ಹೊಡಿ. ಬಿಟ್ಟವನು ನಿನ್ನ ಲೆಕ್ಕಕ್ಕೇ ತಗಂಡಿಲ್ಲ ಅಂತ ಅರ್ಥ." ನಾನು ಹೊಡೆದೆ. ಅವತ್ತಿನಿಂದ ನಾನು ಚೆನ್ನಾಗಿ ಆಡತೊಡಗಿದೆ.

ಸಂಪಾದಕರು ಹೇಳಿದರೆಂದು ನಾನೊಮ್ಮೆ 'ಮೊಬೈಲ್ ಆಟಕ್ಕೆ ಬಲಿಯಾಗುತ್ತಿರುವ ಯುವಜನ' ಎಂಬ ಲೇಖನ ಬರೆದೆ. ಬರೆದು ಮುಗಿಸಿ ಎರಡು ಗಂಟೆಗೆ ಸರಿಯಾಗಿ ಆಟಕ್ಕೆ ಕೂತಿದ್ದೆ. ಅದು ಅಚ್ಚಾದ ದಿನ ರುದ್ರೇಶಣ್ಣ ಇಡೀ ಲೇಖನವನ್ನು ಮೈಕ್‌ನಲ್ಲಿ ಗಟ್ಟಿಯಾಗಿ ಓದಿ, ಕೊನೆಗೆ, "ಬಲಿಯಾದೋಳೇ, ಬಾರೇ, ಈ ಬಾಂಬ್ ಎತ್ಕೋ" ಅಂದ. ಮೇಷ್ಟ್ರು ನಕ್ಕೂ ನಕ್ಕೂ ಸತ್ತೇಹೋದರು, ಆಟದಲ್ಲಿ. "ಬರಿಯೋದಾದ್ರೆ ನಿನಗೆ ಗೊತ್ತಿರೋದನ್ನ ಬರಿ. ಇನ್ನೊಬ್ರಿಗೆ ಬೇಕಾಗಿದ್ದನ್ನ ಬರೀಬ್ಯಾಡ" ಅಂತಲೂ ಆವತ್ತು ಹೇಳಿದ.

ಕಡೂರಿನಲ್ಲಿ ಒಮ್ಮೆ ಎಲ್ಲರೂ ಸೇರಿ ಕಾಫಿ ಕುಡಿಯೋಣ ಎಂದು ಲೋಕೇಶ ಎಷ್ಟು ಸಲ ಕರೆದರೂ ರುದ್ರೇಶಣ್ಣ ಬರಲಿಲ್ಲ. "ತೋಟದಲ್ಲಿ ಕೆಲ್ಸ ಐತೆ ಕಣೋ" ಅನ್ನುತ್ತಿದ್ದ.

ಆ ವರ್ಷ ಬುಕ್ಕಾಂಬುಧಿ ಕೆರೆ ತುಂಬಿ ಕೋಡಿ ಬಿತ್ತು. ವರದಿಗೆಂದು ಹೋದವಳು ಅಲ್ಲಿಯೇ ಕೇಳಿ, ಹೇಳದೆ ಕೇಳದೆ ಅವನ ಮನೆಗೆ ಹೋದೆ. ತಮಾಷೆ ಮಾಡೋಣವೆಂದು. ಅವನ ಹೆಂಡತಿ ಶಶಿಕಲಕ್ಕ ಬಾಗಿಲಲ್ಲಿ ನನ್ನನ್ನು ಕ್ಷಣಕಾಲ ತಡೆದಳು. "ಅವರು ಯಾರ್ನೂ ನೋಡಲ್ಲ" ಅಂದಳು. ಅಷ್ಟರಲ್ಲಿ ಒಳಗಿನಿಂದ ನನಗೆ ಗೊತ್ತಿದ್ದ ಗಂಟಲು ಕೆರೆದುಕೊಂಡಿತು.

ನಡುಮನೆಯ ಮಂಚದ ಮೇಲೆ ರುದ್ರೇಶಣ್ಣ ಬೋರಲು ಮಲಗಿದ್ದ. ಎದೆಯ ಕೆಳಗೆ ಎರಡು ದಿಂಬು, ಮುಂದೆ ಪೈಪು ಕತ್ತರಿಸಿ ಮಾಡಿದ ಸ್ಟ್ಯಾಂಡಿಗೆ ಕಟ್ಟಿದ ಫೋನು. ಸೊಂಟದಿಂದ ಕೆಳಗೆ ಹೊದಿಕೆ. ಹೊದಿಕೆಯ ಕೆಳಗೆ ಮೈ ಇದೆ ಎಂದು ಹೇಳಲಾಗದಷ್ಟು ಅದು ತೆಳ್ಳಗಿತ್ತು. ಮಂಚದ ಪಕ್ಕದಲ್ಲಿ ಮೂತ್ರದ ಚೀಲ. ಕಾಯಿ ಕೀಳುವವನು ಬರಲಿಲ್ಲವೆಂದು ಎಂಟು ವರ್ಷದ ಹಿಂದೆ ತಾನೇ ಮರ ಹತ್ತಿದ್ದನಂತೆ. ಬಿದ್ದಾಗ ಬೆನ್ನುಮೂಳೆ ಮುರಿಯಿತು.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ಕುಳ್ಳಿ ಇದ್ಯೇ ನೀನು! ಅದ್ಕೇ ಗುಂಡು ತಗಲಲ್ಲ" ಅಂದ. ಕಾಫಿ ಬಂತು. ಹೊರಡುವಾಗ ಅವನು ಗದರಿಸಲಿಲ್ಲ, ಮೆಲ್ಲಗೆ ಹೇಳಿದ: "ಈಗ ನೋಡಿದ್ಯಲ್ಲ, ನೋಡಿದ್ದು ನಿನ್ನ ಹತ್ರಾನೇ ಇರ್ಲಿ. ಲೋಕೇಶಂಗೂ ಬ್ಯಾಡ."

"ಇಲ್ಲಣ್ಣ, ಹೇಳಲ್ಲ" ಅಂದೆ.

ಹದಿನೈದು ದಿನಕ್ಕೆ ಬರೆದೆ. ಆವತ್ತು ಅವನ ಮನೆಯಲ್ಲಿ, ಅವನು ಒಂದು ಆಟದಲ್ಲಿ ಮುಳುಗಿದ್ದಾಗ ಹಿಂದಿನಿಂದ ತೆಗೆದ ಫೋಟೊ ನನ್ನ ಬಳಿ ಇತ್ತು. ಫೋಟೊದಲ್ಲಿ ಮುಖವಿಲ್ಲ, ಬೆನ್ನು ಮತ್ತು ಕೈ ಮಾತ್ರ. ಊರಿನ ಹೆಸರು ಹಾಕಲಿಲ್ಲ, ಅವನ ಹೆಸರೂ ಹಾಕಲಿಲ್ಲ. ಅಷ್ಟಕ್ಕೇ ಮಾತು ಉಳಿಸಿಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ 'ಅಮಲ್ದಾರ್' ಎಂಬ ಆಟದ ಹೆಸರನ್ನು ಬಿಡಲಿಲ್ಲ. ಅದಿಲ್ಲದೆ ಬರಹಕ್ಕೆ ರುಚಿ ಇರಲಿಲ್ಲ. 'ಎದ್ದು ನಿಲ್ಲಲಾಗದವನ ಯುದ್ಧ' ಎಂದು ಶೀರ್ಷಿಕೆ ಕೊಟ್ಟವಳೂ ನಾನೇ. ಓದಿದವರು ಅತ್ತರು. ಫೋನಿಂದ ಫೋನಿಗೆ ಅದು ಬೆಂಕಿಯ ಹಾಗೆ ಹರಡಿತು. ಒಂದು ವಾರದಲ್ಲಿ ಸಂಪಾದಕರು ನನ್ನನ್ನು ಕರೆದು, ಆಟ ಮತ್ತು ತಂತ್ರಜ್ಞಾನದ ಬಗ್ಗೆ ಭಾನುವಾರದ ಅಂಕಣ ಕೊಟ್ಟರು.

ಅದೇ ವಾರದ ಒಂದು ಮಧ್ಯಾಹ್ನ ನಾವು ನಾಲ್ವರು ದ್ವೀಪಕ್ಕೆ ಇಳಿದೆವು. ಲೇಖನದ ಬಗ್ಗೆ ರುದ್ರೇಶಣ್ಣ ಒಂದು ಮಾತೂ ಆಡಲಿಲ್ಲ. ಲೋಕೇಶ, ಮೇಷ್ಟ್ರು ಅತಿಯಾಗಿ ಮೆತ್ತಗೆ ಮಾತಾಡುತ್ತಿದ್ದರು. ಗೋದಾಮಿನ ತಿರುವಿನಲ್ಲಿ ಒಬ್ಬ ಎದುರಾದ. ರುದ್ರೇಶಣ್ಣನ ತಲೆಯ ಮೇಲೆ ಹೆಸರು ಕಂಡದ್ದೇ ಬಂದೂಕು ಕೆಳಗಿಟ್ಟು ಸೆಲ್ಯೂಟ್ ಹೊಡೆದ. "ಸರ್, ಅಮಲ್ದಾರ್ ಸರ್ ಅಲ್ವಾ? ಓದಿದೆ ಸರ್. ನೀವು ಹೊಡೀರಿ ಸರ್, ನಾನ್ ಸಾಯ್ತೀನಿ."

"ಬಂದೂಕು ಎತ್ತೋ" ಅಂದ ರುದ್ರೇಶಣ್ಣ.

"ಇಲ್ಲ ಸರ್, ನಿಮ್ ಮೇಲೆ ಕೈ ಬರಲ್ಲ."

"ಎತ್ತೋ ಬೋಳಿಮಗ್ನೇ!"

ಅವನು ಎತ್ತಲಿಲ್ಲ. ಮರುದಿನ ಇಬ್ಬರು, ಅದರ ಮಾರನೆ ದಿನ ಐವರು. ಯಾರೋ ಒಬ್ಬ ಮಾತ್ರ ಒಂದು ದಿನ, "ಎದ್ದು ಓಡ್ಲಾ ನೋಡಾನ, ಕುಂಟ" ಎಂದು ಹೀಯಾಳಿಸಿದ. ರುದ್ರೇಶಣ್ಣ ಎಷ್ಟೋ ದಿನದ ಮೇಲೆ ನಕ್ಕ. "ಬಾರೋ ನನ್ನಪ್ಪ, ಬಾ! ಇವನೊಬ್ನಾದ್ರೂ ಆಟ ಆಡಕ್ಕೆ ಬಂದವ್ನೆ" ಎಂದು ಅವನ ಹಿಂದೆ ಬಿದ್ದ. ಅಷ್ಟರಲ್ಲಿ ಆ ಹೀಯಾಳಿಸಿದವನ ತಂಡದವರೇ, ಮಾನವೀಯತೆ ಇಲ್ಲವೇನೋ ನಿನಗೆ ಎಂದು ಬೈದು ಅವನನ್ನು ಕೊಂದರು. ರುದ್ರೇಶಣ್ಣನಿಗೆ ಅವನೂ ಸಿಗಲಿಲ್ಲ.

ಆ ಹೆಸರಿನಲ್ಲಿ ಅವನು ಆಡಿದ ಕೊನೆಯ ದಿನ, ಹೀಗೆ ಬಂದೂಕು ಕೆಳಗಿಟ್ಟವರು ಹನ್ನೊಂದು ಜನ ಇದ್ದರು. ಬಯಲಿನಲ್ಲಿ ರುದ್ರೇಶಣ್ಣನ ಸುತ್ತ ಶಿಲೆಗಳಂತೆ ನಿಂತರು. ಒಬ್ಬ ಚಪ್ಪಾಳೆ ತಟ್ಟುವ ಹಾಗೆ ತನ್ನ ಗೊಂಬೆಯನ್ನು ಆಡಿಸಿದ, ಉಳಿದವರೂ ಆಡಿಸಿದರು. "ಹೊಡೀರೋ!" ಎಂದು ರುದ್ರೇಶಣ್ಣ ಕಿರುಚಿದ. "ಹೊಡೀರೋ, ಯಾರಾದ್ರೂ ಒಬ್ರು ಹೊಡೀರೋ!" ದನಿ ಒಡೆದುಹೋಗಿತ್ತು. ಯಾರೂ ಹೊಡೆಯಲಿಲ್ಲ. ಅವನೂ ಅವರಲ್ಲಿ ಒಬ್ಬರನ್ನೂ ಕೊಲ್ಲಲಿಲ್ಲ. ಅವರ ನಡುವಿನಿಂದ ನಡೆದು, ಬೆಟ್ಟ ಇಳಿದು, ಸಮುದ್ರಕ್ಕೆ ಹೋದ. ನೀರೊಳಗೆ ಮುಳುಗಿ ಉಸಿರು ಮುಗಿಯುವವರೆಗೆ ಅಲ್ಲೇ ಇದ್ದ. ನಾವು ಮೂವರೂ ಪರದೆಯ ಮೇಲೆ ಅವನ ಉಸಿರಿನ ಗೆರೆ ಕರಗುವುದನ್ನು ನೋಡುತ್ತಿದ್ದೆವು. ಲೋಕೇಶ ಅಳುತ್ತಿದ್ದ.

ಆಮೇಲೆ ಅವನು ಹೆಸರು ಬದಲಿಸಿ ನೋಡಿದ. ದನಿಯಿಂದ ಒಂದೇ ದಿನದಲ್ಲಿ ಗುರುತು ಹಿಡಿದರು. ಮೈಕ್ ಮುಚ್ಚಿಕೊಂಡು ಆಡಿದ. ಮಾತಿಲ್ಲದ ರುದ್ರೇಶಣ್ಣ ಯಾರೋ ಒಬ್ಬ ಸಾಮಾನ್ಯ ಆಟಗಾರ. ಒಂದು ದಿನ ಬರುವುದನ್ನೇ ನಿಲ್ಲಿಸಿದ.

ಈಗ ಅವನಿಲ್ಲ. ಮಳೆಗಾಲದಲ್ಲಿ, ಮಲಗಿ ಮಲಗಿ ಬೆನ್ನಿಗಾಗಿದ್ದ ಹುಣ್ಣು ಕೀವಾಗಿ, ಜ್ವರ ಏರಿ ತೀರಿಕೊಂಡ. ನಾನು ಅವನನ್ನು ಕೊನೆಯದಾಗಿ ನೋಡಿದ್ದು ಅದಕ್ಕೆ ಐದು ತಿಂಗಳ ಮೊದಲು, ಕ್ಷಮೆ ಕೇಳಲು ಹೋದಾಗ.

ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವನನ್ನು ಬಾಗಿಲ ಕಡೆ ಮುಖ ಮಾಡಿ, ಹಿಂದೆ ಮುಂದೆ ದಿಂಬು ಒತ್ತಿ, ಒಂದು ಮಗ್ಗುಲಿಗೆ ಮಲಗಿಸಿದ್ದರು. ಮುಖದ ಮೂಳೆ ಎದ್ದಿತ್ತು.

"ಬನ್ನಿ ಮೇಡಂ" ಅಂದ. "ಕೂತ್ಕಳಿ."

"ಅಣ್ಣ, ನಂಗೆ ಬನ್ನಿ ಅಂತೀಯಲ್ಲ?"

"ದೊಡ್ಡೋರು ನೀವು. ಭಾನುವಾರ ಭಾನುವಾರ ನಿಮ್ದು ಫೋಟೊ ಬತ್ತದಂತೆ."

"ತಪ್ಪಾಯ್ತಣ್ಣ."

"ಫೋನ್ ತೆಗೀರಿ" ಅಂದ. "ನೀವೂ ನಾನೂ, ಇಬ್ರೇ. ಒಂದಾಟ."

ಅವನಿಗೆ ಒಂದು ಕೈ ಮಾತ್ರ ಸರಿಯಾಗಿ ಆಡುತ್ತಿತ್ತು, ಇನ್ನೊಂದು ಮೈ ಕೆಳಗೆ ಸಿಕ್ಕಿತ್ತು. ಆದರೂ ಎರಡು ನಿಮಿಷ ನನ್ನನ್ನು ಕಲ್ಲುಗೋಡೆಯ ಸುತ್ತ ಓಡಿಸಿದ. ಆಮೇಲೆ ಗೋಡೆಯ ಅಂಚಿನಲ್ಲಿ ಅವನ ತಲೆ ಕಂಡಿತು, ನನ್ನ ಗುರಿಯ ನಟ್ಟನಡುವೆ. ನನ್ನ ಹೆಬ್ಬೆರಳು ನಿಂತಿತು. ಒಂದು ಉಸಿರಿನಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಹೊಡೆದೆ, ಅವನು ಸತ್ತ.

ಅವನು ಫೋನನ್ನು ಬೋರಲು ಇಟ್ಟ.

"ಕಾದ್ರಿ" ಅಂದ.

"ಇಲ್ಲಣ್ಣ, ನೆಟ್‌ವರ್ಕ್—"

"ಹೌದಾ? ನೆಟ್‌ವರ್ಕಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಲೆಯೆತ್ತಿ ಹಿತ್ತಿಲ ಕಡೆ ಕೂಗಿದ: "ಶಶೀ, ಬಾ ಇಲ್ಲಿ. ನನ್ನ ಗ್ವಾಡೆ ಕಡೆ ತಿರುಗ್ಸು."

ಶಶಿಕಲಕ್ಕ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಟ್ಟೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅವನು ಮತ್ತೆ ಕೂಗಿದ. ಅವನು ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಮುಚ್ಚಲಿಲ್ಲ. ನಾನು ಎದ್ದು ಹೋಗಬಹುದಿತ್ತು, ಏಳಲಿಲ್ಲ. ಅವಳು ಕೈ ಒರೆಸಿಕೊಂಡು ಬಂದು, ಎರಡು ತೋಳಿನಲ್ಲಿ ಅವನನ್ನೆತ್ತಿ ನನಗೆ ಬೆನ್ನು ಮಾಡಿ ಮಲಗಿಸುವವರೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದೆವು.