ಊಟ ಆಯ್ತಾ ಅಂತ ಮಾತ್ರ

ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಉಗುರಿನಿಂದಲೇ ಅವರು ಸ್ಟೀಲ್ ಲೋಟದ ಅಂಚಿಗೆ ತಟ್ಟುತ್ತಿದ್ದರು. ಎಡಗೈಯೇ ಎಂದು ಆಣೆಯಿಡಲಾರೆ. ನೆನಪು ಪ್ರತಿ ಸಲ ಬೇರೆ ಕೈ ತೋರಿಸುತ್ತದೆ.

"ಕೇಳಿಸ್ತಾ?" ಎಂದು ಲೋಟಕ್ಕೆ ನೀರು ಹಾಕಿ ಮತ್ತೆ ತಟ್ಟಿದರು. ಶ್ರುತಿ ಇಳಿದಿತ್ತು. "ಒಳಗೆ ಇಣುಕಲಿಲ್ಲ ನೀನು. ಆದ್ರೂ ನೀರಿದೆ ಅಂತ ಗೊತ್ತಾಯ್ತಲ್ಲ."

ಶಿವಮೊಗ್ಗದಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಡಂ ಅವರು. ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ. ಯಜಮಾನರು ಕಾರ್ಖಾನೆಯಿಂದ ನಿವೃತ್ತರಾದವರು. ಆ ಹೊತ್ತಿಗೆ ನಾನು ಲ್ಯಾಬೊಂದರಲ್ಲಿ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ, ಅಂದರೆ ಕ್ವಾಂಟಂ ಕಂಪ್ಯೂಟರಿನ ಬಿಟ್‌ಗಳ, ಜೊತೆ ಒದ್ದಾಡುತ್ತಿದ್ದೆ. ಕ್ಯೂಬಿಟ್ ಸೊನ್ನೆಯಲ್ಲಿದೆಯೋ ಒಂದರಲ್ಲಿದೆಯೋ ಎಂದು ಅದನ್ನೇ ಮುಟ್ಟಿ ನೋಡುವಂತಿಲ್ಲ. ಪಕ್ಕದಲ್ಲಿ ಒಂದು ರೆಸೊನೇಟರ್ ಇರುತ್ತದೆ, ಮೈಕ್ರೋವೇವ್‌ಗೆ ಮಿಡಿಯುವ ಲೋಹದ ಸಣ್ಣ ಗೆರೆ. ಕ್ಯೂಬಿಟ್ ಬದಲಾದರೆ ಗೆರೆಯ ಶ್ರುತಿ ಕೂದಲೆಳೆಯಷ್ಟು ಸರಿಯುತ್ತದೆ. ಅದನ್ನು ಕೇಳಿಸಿಕೊಳ್ಳಬೇಕು. ನನಗೆ ಬರೀ ಗದ್ದಲ ಕೇಳಿಸುತ್ತಿತ್ತು. ಮೈಕ್ರೋವೇವ್ ಜೋರು ಮಾಡುತ್ತ ಹೋದೆ. ಕ್ಯೂಬಿಟ್ ಎಲ್ಲೆಲ್ಲೋ ಜಿಗಿಯಿತು. ಅದನ್ನೇ ಮೇಡಂ ಮನೆಗೆ ಹೋಗಿ ಹೇಳಿಕೊಂಡಿದ್ದೆ.

"ಕಿರುಚಿ ಕೇಳಿದ್ರೆ ಯಾರು ಮಾರಾಯ ನಿಜ ಹೇಳ್ತಾರೆ? ಮೆಲ್ಲಗೆ ಕೇಳು. ಮತ್ತೆ ಮತ್ತೆ ಕೇಳು."

ಆಮೇಲೆ ನಕ್ಕರು ಎಂದು ಬರೆಯಲು ಕೈ ಹೋಗುತ್ತದೆ. ನಕ್ಕರೋ ಕೆಮ್ಮಿದರೋ. ಕೆಮ್ಮು ಆಗಲೇ ಶುರುವಾಗಿತ್ತು.

ಅವರನ್ನು ಶಿವಮೊಗ್ಗದ ಆಲ್ಕೊಳದ ಹತ್ತಿರದ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋದೆ. ಹೇಗಿದ್ದೀರಿ ಎಂದು ನಾನು ಬಾಯಿ ತೆರೆಯುವ ಮೊದಲೇ ತಡೆದರು. "ನನ್ನ ಕೇಳ್ಬೇಡ, ಸುಳ್ಳು ಹೇಳ್ತೀನಿ. ನಮ್ಮನೆಯವ್ರನ್ನೂ ನೇರ ಕೇಳ್ಬೇಡ, ಕುಸಿದುಬಿಡ್ತಾರೆ. ಫೋನ್ ಮಾಡಿ ಊಟ ಆಯ್ತಾ ಅಂತ ಮಾತ್ರ ಕೇಳು."

"ಅಷ್ಟೇನಾ ಮೇಡಂ?"

"ಅಷ್ಟೇ. ಉಗುರಲ್ಲಿ ತಟ್ಟಿದ ಹಾಗೆ."

ಲ್ಯಾಬಿಗೆ ಹಿಂತಿರುಗಿದ ಮೇಲೆ ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದೆ.

"ಊಟ ಆಯ್ತಾ ಸರ್?"

"ನಮ್ದಾಯ್ತಪ್ಪ. ನಿಂದು?"

ಮೇಡಂ ಆಗ ಒಂದು ಗುಟುಕು ಗಂಜಿಯನ್ನೂ ನುಂಗಲಾರರು ಎಂದು ನನಗೆ ಗೊತ್ತಿತ್ತು. ಆದರೂ ಸರ್ ನಮ್ದು ಎನ್ನುತ್ತಿದ್ದರು. ಆ ಒಂದು ಪದಕ್ಕೆ ಕಿವಿ ಒತ್ತಿ ಹಿಡಿದು ಇಡೀ ದಿನ ದೂಡುತ್ತಿದ್ದೆ. ಉಳೀತಾರಾ ಸರ್, ಡಾಕ್ಟರು ಏನಂದ್ರು, ಹೇಳಿ ಸರ್: ಎಲ್ಲವೂ ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗುತ್ತಿದ್ದೆ.

ಕೊನೆಗೊಂದು ದಿನ, ಮೈಕ್ರೋವೇವ್ ತೀರಾ ತಗ್ಗಿಸಿದಾಗ, ಪರದೆಯ ಮೇಲಿನ ಅಳತೆಯ ಚುಕ್ಕಿಗಳ ರಾಶಿ ಎರಡಾಗಿ ಬೇರ್ಪಟ್ಟಿತು. ಸೊನ್ನೆ ಇಲ್ಲಿ, ಒಂದು ಅಲ್ಲಿ. ಮೇಡಂ ಹೋದದ್ದೂ ಅಂದೇ ಎಂದು ಬರೆದರೆ ಕಥೆ ಚೆನ್ನಾಗಿ ಕೂರುತ್ತದೆ. ಅಂದೇ ಅಲ್ಲ. ಅಂದು ಅವರಿಗೆ ಜ್ಞಾನವೇ ಇರಲಿಲ್ಲ. ಸಿಕ್ಕಿತು ಮೇಡಂ ಎಂದು ಹೇಳಲು ಯಾರೂ ಇರಲಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಎಂದಿನಂತೆ ಕೇಳಿದೆ.

"ಊಟ ಆಯ್ತಾ ಸರ್?"

"ನಂದಾಯ್ತಪ್ಪ. ನಿಂದು?"

ದನಿ ಹಿಂದಿನ ದಿನದ್ದೇ. ನಮ್ದು ನಂದಾಗಿತ್ತು, ಅಷ್ಟೇ ಸರಿದಿತ್ತು. ಮೇಡಂ ಇಲ್ಲ.

"ನಂದೂ ಆಯ್ತು ಸರ್," ಎಂದೆ. ಆಗಿರಲಿಲ್ಲ.

ಇಬ್ಬರೂ ಫೋನ್ ಇಡಲಿಲ್ಲ.