ತಮ್ಮನ ಮದುವೆಗೆ ಕಳಸ ಹಿಡಿಯಲ್ಲ ಎಂದೆ

ಕೊರೋನಾ ಗಲಾಟೆ ಮುಗಿದ ಮಾರನೇ ವರ್ಷ, ನನ್ನ ತಮ್ಮನ ಮದುವೆಗೆ ಇನ್ನೊಂದು ತಿಂಗಳಿದ್ದಾಗ ನಡೆದ ಸಂಗತಿ ಇದು. ಹೆಸರು ಹಾಕಿ ಬರೆಯುವ ಧೈರ್ಯ ನನಗಿಲ್ಲ. ಇದ್ದಿದ್ದರೂ ಹಾಕುತ್ತಿರಲಿಲ್ಲ, ಇದರಲ್ಲಿರುವುದು ನನ್ನೊಬ್ಬಳ ಮಾನವಲ್ಲ. ಇಲ್ಲಿ ಬರುವ ತಮ್ಮನ ಹೆಸರನ್ನೂ ಬದಲಾಯಿಸಿದ್ದೇನೆ.

ನನ್ನ ತವರು ಚಿಂತಾಮಣಿ ಹತ್ತಿರ, ಕೈವಾರದ ಕಡೆ. ಕೊಟ್ಟಿದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ಅತ್ತೆ, ಒಬ್ಬ ಮಗ. ನಮ್ಮ ಯಜಮಾನರು ಟೆಂಪೋ ಇಟ್ಟುಕೊಂಡಿದ್ದಾರೆ. ಶಿಡ್ಲಘಟ್ಟಕ್ಕಿಂತ ರೇಟು ಚೆನ್ನಾಗಿದ್ದಾಗ ಊರವರ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುತ್ತಾರೆ. ಆಗಾಗ ರಾತ್ರಿ ಮನೆಗೆ ಬರುವುದಿಲ್ಲ. ಅದರಲ್ಲಿ ಅನುಮಾನ ಪಡುವಂಥದ್ದು ಏನಿದೆ ಎಂದುಕೊಂಡಿದ್ದ ದಡ್ಡಿ ನಾನು.

ಅದರ ಹಿಂದಿನ ವರ್ಷ ನನ್ನ ಎರಡನೇ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗಿತ್ತು. ಹೆಣ್ಣು ಮಗು. ಬಸುರಿ ಎಂದು ಗೊತ್ತಾದ ಹೊಸದರಲ್ಲಿ ಮಾಡಿಸಿದ ರಕ್ತ ಪರೀಕ್ಷೆಯೆಲ್ಲ ಸರಿಯಾಗಿಯೇ ಇತ್ತು. ಅತ್ತೆ ಮಾತ್ರ, "ಸೊಪ್ಪಿನ ಹೊರೆ ಹೊರಬೇಡ ಅಂತ ಬಡ್ಕೊಂಡೆ, ಕೇಳಿದ್ಲಾ?" ಎಂದು ನೋಡಲು ಬಂದವರಿಗೆಲ್ಲ ಹೇಳಿದರು. ಹೊರೆ ತರಲು ಕಳಿಸಿದವರೂ ಅವರೇ. ನಾನು ಎದುರಾಡಲಿಲ್ಲ. ನನ್ನದೇ ತಪ್ಪಿರಬೇಕು ಎಂದು ಒಳಗೊಳಗೇ ನಂಬಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ ಯಜಮಾನರು ಬಾಗಿಲಿಗೆ ಬಂದು ನಿಂತರು. ಅವರ ಅಂಗೈ ಮೇಲೆ ಕೆಂಪು ಕಲೆಗಳಾಗಿದ್ದವು. ಚಿಕ್ಕಬಳ್ಳಾಪುರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು.

"ಸಿಫಿಲಿಸ್ ಅಂತೆ. ನೀನೂ ಟೆಸ್ಟ್ ಮಾಡಿಸ್ಕೋಬೇಕಂತೆ. ಎಚ್‌ಐವಿದೂ ಸೇರಿಸಿ," ಎಂದರು.

"ಎಲ್ಲಿಂದ ಬಂತು?" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ರಾಮನಗರಕ್ಕೆ ಹೋದಾಗ ಒಂದೆರಡು ಸಲ ಹೆಣ್ಣಿನ ಹತ್ತಿರ ಹೋಗಿದ್ದರಂತೆ. ಕಾಂಡೋಮ್ ಗೀಂಡೋಮ್ ಏನೂ ಇಲ್ಲ. ನಾನು ಬಸುರಿಯಾಗಿದ್ದಾಗಲೇ ಒಂದು ಹುಣ್ಣಾಗಿತ್ತಂತೆ. ಆಗ ನೋಡಿದ ಡಾಕ್ಟರೂ ರಕ್ತ ಪರೀಕ್ಷೆ ಮಾಡಿಸು, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದಿದ್ದರಂತೆ.

"ಹುಣ್ಣು ತಾನಾಗೇ ಮಾಯ್ತು ಕಣೇ. ಡಾಕ್ಟರುಗಳು ಸುಮ್ನೆ ಹೇಳ್ತಾರೆ ಅನ್ಕೊಂಡೆ."

ಕೈಲಿದ್ದ ಸೊಪ್ಪಿನ ಕುಕ್ಕೆಯನ್ನು ಅವರ ಮುಖಕ್ಕೆ ಎಸೆದೆ. ಅವರು ಹೊರಟುಹೋದರು. ಹುಳುಗಳು ಹಸಿದಿದ್ದವು, ಆ ಸೊಪ್ಪನ್ನೆಲ್ಲ ನಾನೇ ನೆಲದಿಂದ ಬಾಚಿ ಆರಿಸಿ ಹಾಕಿದೆ.

ಆಮೇಲಿನ ದಿನಗಳು ಶತ್ರುವಿಗೂ ಬೇಡ. ಮಗ ನನ್ನ ತಟ್ಟೆಯಿಂದ ತುತ್ತು ಕೇಳಿದರೆ ಗದರಿ ಕಳಿಸುತ್ತಿದ್ದೆ. ಹಾಗೆಲ್ಲ ಎಚ್‌ಐವಿ ಅಂಟುವುದಿಲ್ಲ ಎಂದು ನನಗೆ ಯಾರು ಹೇಳಬೇಕು? ನಾನು ಸತ್ತರೆ ಇವನಿಗೆ ಯಾರು ತಲೆ ಬಾಚುತ್ತಾರೆ ಎಂದು ಯೋಚಿಸಿ ಅಡುಗೆ ಮನೆಯಲ್ಲಿ ನಿಂತು ಅಳುತ್ತಿದ್ದೆ.

ಟೆಸ್ಟ್ ಮಾಡಿಸುವುದಾದರೂ ಎಲ್ಲಿ? ಶಿಡ್ಲಘಟ್ಟದ ಆಸ್ಪತ್ರೆಗೆ ಹೋದರೆ ಊರವರು ಸಿಗುತ್ತಾರೆ. ಚಿಂತಾಮಣಿಯಲ್ಲಿ ತವರಿನವರ ಕಣ್ಣು. ಚಿಕ್ಕಬಳ್ಳಾಪುರದಲ್ಲಿ ಎರಡೂ ಕಡೆಯವರು. ಉಳಿದದ್ದು ಗೌರಿಬಿದನೂರು, ವಿದುರಾಶ್ವತ್ಥ ಅಲ್ಲೇ ಹತ್ತಿರ. ಅತ್ತೆಗೆ, "ವಿದುರಾಶ್ವತ್ಥಕ್ಕೆ ಹೋಗಿ ನಾಗರಿಗೆ ಹಾಲೆರೆದು ಬರ್ತೀನಿ," ಎಂದೆ. ಮಕ್ಕಳು ಉಳಿಯದ ಹೆಂಗಸರು ಅಲ್ಲಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. "ಈಗಲಾದ್ರೂ ಬುದ್ಧಿ ಬಂತಲ್ಲಮ್ಮ," ಎಂದು ಅತ್ತೆ ತಾವೇ ಹಾಲು ಕಟ್ಟಿಕೊಟ್ಟರು. ಯಜಮಾನರು ಜೊತೆಗೆ ಬರುತ್ತೇನೆಂದರು. "ನಿಮ್ಮ ಮುಖ ನೋಡ್ಕೊಂಡು ಅಷ್ಟು ದೂರ ಕೂತಿರಕ್ಕೆ ನನ್ನ ಕೈಲಾಗಲ್ಲ," ಎಂದು ಒಬ್ಬಳೇ ಹೊರಟೆ.

ಗೌರಿಬಿದನೂರಿನ ಆಸ್ಪತ್ರೆಯಲ್ಲಿ ಆ ಕೋಣೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಮೇಲೆ ಎಚ್‌ಐವಿ ಪರೀಕ್ಷಾ ಕೇಂದ್ರ ಎಂದು ದೊಡ್ಡ ಬೋರ್ಡು. ಹೊರಗಿನ ಬೆಂಚಿನ ಮೇಲೆ ಮಾಸ್ಕ್ ಹಾಕಿಕೊಂಡು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಒಬ್ಬ ಹುಡುಗ ಕಾಲು ಅಲ್ಲಾಡಿಸುತ್ತಾ ಕೂತಿದ್ದ. ಮುಖ ಮುಚ್ಚಿದರೇನು, ಆ ಕಾಲು ಅಲ್ಲಾಡಿಸುವ ಚಾಳಿಗೆ ಅಮ್ಮನ ಕೈಯಲ್ಲಿ ಏಟು ತಿನ್ನುತ್ತಾ ಬೆಳೆದವನನ್ನು ನಾನು ಗುರುತು ಹಿಡಿಯದಿರುತ್ತೇನೆಯೇ? ನನ್ನ ತಮ್ಮ ಹರೀಶ.

"ಅಕ್ಕ! ನೀನೇನು ಇಲ್ಲಿ?"

"ನೀನೇನೋ ಇಲ್ಲಿ?"

"ಶೋರೂಮ್ ಕೆಲಸ ಇತ್ತು. ಹಂಗೇ ಬಿ.ಪಿ. ನೋಡಿಸ್ಕೊಂಡು ಹೋಗಣ ಅಂತ." ಅವನು ಚಿಂತಾಮಣಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುತ್ತಿದ್ದ.

"ನಂಗೆ ಮಂಡಿ ನೋವು," ಎಂದೆ.

ತಲೆಯ ಮೇಲೆ ಅಷ್ಟು ದೊಡ್ಡ ಬೋರ್ಡು. ಇಬ್ಬರಿಗೂ ಓದು ಬರುತ್ತದೆ. ಒಬ್ಬರ ಮುಖ ಒಬ್ಬರು ನೋಡದೆ ಅದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು. ಮೊದಲು ಅವನನ್ನು ಕರೆದರು, ಆಮೇಲೆ ನನ್ನನ್ನು.

ರಕ್ತ ತೆಗೆದುಕೊಂಡು, ಸ್ವಲ್ಪ ಹೊತ್ತು ಕಾಯಿಸಿ, ಕೌನ್ಸೆಲರ್ ಮೇಡಂ ನನ್ನನ್ನು ಒಳಗೆ ಕೂರಿಸಿಕೊಂಡರು. ಎಚ್‌ಐವಿ ಇರಲಿಲ್ಲ. ಸಿಫಿಲಿಸ್ ಇತ್ತು. "ಇಂಜೆಕ್ಷನ್‌ಗೆ ವಾಸಿಯಾಗುತ್ತಮ್ಮ, ಹೆದರ್ಕೋಬೇಡಿ. ಮಕ್ಕಳೆಷ್ಟು?" ಎಂದರು.

"ಒಬ್ಬ ಮಗ. ಇನ್ನೊಂದು ಏಳನೇ ತಿಂಗಳಲ್ಲಿ ಹೋಯ್ತು. ಹೋದ ವರ್ಷ."

ಅವರು ಪೆನ್ನು ಕೆಳಗಿಟ್ಟರು. ಮೆಲ್ಲಗೆ, "ಇದರಿಂದಲೇ ಆಗಿರಬಹುದು. ಗ್ಯಾರಂಟಿಯಾಗಿ ಹೇಳಕ್ಕಾಗಲ್ಲ," ಎಂದರು.

"ಸೊಪ್ಪಿನ ಹೊರೆ ಹೊತ್ತಿದ್ದಕ್ಕಲ್ವಾ ಮೇಡಂ?"

"ಅಯ್ಯೋ, ಹೊರೆ ಹೊತ್ತಿದ್ದಕ್ಕೆ ಅಂತ ಯಾರಮ್ಮ ಹೇಳಿದ್ದು?"

ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಆಗಲೇ ಗೊತ್ತಾಗಿದ್ದರೆ ಒಂದು ಇಂಜೆಕ್ಷನ್ ನನ್ನ ಮಗಳನ್ನು ಉಳಿಸುತ್ತಿತ್ತೇನೋ. ಗಂಡ ಬಾಯಿ ಬಿಡಲಿಲ್ಲ. ಆ ಕೂಸನ್ನು ಹೂಳಿ ಬಂದವರೂ ಅವರೇ.

ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ಹೊರಗೆ ಬಂದಾಗ ಹರೀಶ ಗೇಟಿನ ಹತ್ತಿರ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ಮುಖ ಗೆಲುವಾಗಿತ್ತು. "ನೆಗೆಟಿವ್ ಅಕ್ಕ," ಎಂದು ಪಿಸುಗುಟ್ಟಿದ. ಆಮೇಲೆ ತಲೆ ತಗ್ಗಿಸಿ ಎಲ್ಲ ಹೇಳಿದ. ಮದುವೆಗೆ ಮುಂಚೆ ಪಾರ್ಟಿ ಎಂದು ಗೆಳೆಯರೆಲ್ಲ ಗೋವಾಕ್ಕೆ ಹೋಗಿದ್ದರಂತೆ. ಅಲ್ಲಿ ಕುಡಿದು, ಯಾವುದೋ ಹೆಣ್ಣಿನ ಜೊತೆ ಮಲಗಿದ್ದನಂತೆ. ಬಂದ ಮೇಲೆ ಹೆದರಿಕೆಗೆ ಊಟ ಸೇರಿರಲಿಲ್ಲ.

"ಇನ್ನೂ ಎರಡು ವಾರ ಆಗಿಲ್ವಲ್ಲ, ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ಬನ್ನಿ ಅಂದ್ರು. ಇಷ್ಟು ಬೇಗ ಟೆಸ್ಟಲ್ಲಿ ಗೊತ್ತಾಗದೇನೂ ಇರಬಹುದಂತೆ. ಬಿಡು, ಸುಮ್ನೆ ಹೇಳ್ತಾರೆ."

ನನ್ನ ಮೈ ಉರಿದುಹೋಯಿತು. ನಾನು ಏಕೆ ಬಂದಿದ್ದೆ, ಒಳಗೆ ಏನು ಹೇಳಿದರು, ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ಎದ್ದು ನಿಂತ. "ಭಾವನ ಕೈಕಾಲು ಮುರೀತೀನಿ!"

"ನಿನ್ನ ಭಾವನೂ ಸುಮ್ನೆ ಹೇಳ್ತಾರೆ ಅಂತಾನೇ ಟೆಸ್ಟ್ ಮಾಡಿಸ್ದೆ ಬಿಟ್ಟಿದ್ದು ಕಣೋ. ಕೂತ್ಕೋ. ಮದುವೆ ಮುಂದಕ್ಕೆ ಹಾಕು, ಇಲ್ಲ ಆ ಹುಡುಗಿಗೆ ಹೇಳು."

"ಛತ್ರ ಬುಕ್ ಆಗೈತೆ ಅಕ್ಕ, ಪತ್ರಿಕೆ ಹಂಚಾಗೈತೆ. ಮದುವೆ ಆದ್ಮೇಲೆ ಮೂರು ತಿಂಗಳು ಹುಷಾರಾಗಿರ್ತೀನಿ."

"ಹೊಸ ಹೆಂಡತಿಗೆ ಅದಕ್ಕೆ ಏನು ಕಾರಣ ಹೇಳ್ತೀಯ?"

ಅವನು ಒಪ್ಪಲಿಲ್ಲ. ನಮ್ಮಲ್ಲಿ ಗಂಡಿನ ಒಡಹುಟ್ಟಿದವಳು ಕಳಸ ಹಿಡಿದು ಮುಂದೆ ನಡೆದರೇನೇ ಗಂಡು ಚಪ್ಪರಕ್ಕೆ ಬರುವುದು. ಇರುವ ಒಬ್ಬಳೇ ಅಕ್ಕ ನಾನು. "ಹಂಗಾದ್ರೆ ನಾನು ಕಳಸ ಹಿಡಿಯಲ್ಲ," ಎಂದು ಹೇಳಿ ಬಸ್ಸು ಹತ್ತಿದೆ. ವಿದುರಾಶ್ವತ್ಥಕ್ಕೆ ಹೋಗಲಿಲ್ಲ. ಹಾಲು ಆಗಲೇ ಒಡೆದಿತ್ತು.

ಬಾಯಿಮಾತಿಗೆ ಹೇಳಿದೆ ಎಂದು ಅವನು ತಿಳಿದಿರಬೇಕು. ಮುಂದಿನ ವಾರ ಮದುವೆ ಮಾತಿಗೆ ತವರಿನಲ್ಲಿ ಎಲ್ಲರೂ ಸೇರಿದ್ದಾಗ ನಾನು ಅದನ್ನೇ ಹೇಳಿದೆ. ಮನೆ ಮನೆಯೇ ನನ್ನ ಮೇಲೆ ಬಿತ್ತು. "ಏನೇ ಬಂದೈತೆ ರೋಗ ನಿಂಗೆ? ಇರೋನೊಬ್ಬ ತಮ್ಮ!" ಎಂದು ಅಮ್ಮ ಕೂಗಾಡಿದಳು. ಬಂದಿದೆಯಮ್ಮ ಎನ್ನಬೇಕೆನಿಸಿತು. ನುಂಗಿಕೊಂಡೆ. "ಕಳಸ ಹಿಡಿಯಕ್ಕೆ ಚಿನ್ನದ ಓಲೆ ಕೇಳ್ತಾವಳೆ ಬಿಡಕ್ಕ, ಮಾಡಿಸಿ ಹಾಕಿ," ಎಂದಳು ಚಿಕ್ಕಮ್ಮ. ನಾನು ಹರೀಶನನ್ನೇ ನೋಡುತ್ತಾ ಕೂತೆ. ಅವನ ಗುಟ್ಟು ನನ್ನ ಬಾಯಿಂದ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಳಸವನ್ನಂತೂ ನಾನು ಮುಟ್ಟುವುದಿಲ್ಲ ಎಂಬುದೂ ಅವತ್ತು ಗೊತ್ತಾಯಿತು. ಗಂಡಿನ ಸ್ವಂತ ಅಕ್ಕನೇ ಮುನಿಸಿಕೊಂಡು ಹಿಂದೆ ನಿಂತರೆ ಹೆಣ್ಣಿನ ಕಡೆಯವರು ಕೆದಕದೆ ಬಿಡುತ್ತಾರೆಯೇ?

ಎರಡು ದಿನ ಬಿಟ್ಟು ಅವನೇ ಮನೆಯಲ್ಲಿ, ಜಾಂಡೀಸ್ ಆಗಿದೆ, ಮೂರು ತಿಂಗಳು ಪಥ್ಯ ಮಾಡಬೇಕಂತೆ ಎಂದ. ಹೆಣ್ಣಿನ ಕಡೆಯವರು ಕಾಯಲಿಲ್ಲ. ಹುಡುಗನಲ್ಲಿ ಏನೋ ಐಬಿದೆ ಎಂದು ಸಂಬಂಧ ಮುರಿದುಕೊಂಡರು. ಅಮ್ಮ ನನಗೆ, "ಅಪಶಕುನ ನುಡಿದೋಳು ನೀನೇ," ಎಂದು ಫೋನು ಇಟ್ಟವಳು ಬಹಳ ದಿನ ಮಾತಾಡಲಿಲ್ಲ.

ಮೂರು ತಿಂಗಳಾದ ಮೇಲೆ ಹರೀಶನಿಂದ ಮೊಬೈಲಿಗೆ ಒಂದು ಮೆಸೇಜು ಬಂತು. "ನೆಗೆಟಿವ್. ಸಮಾಧಾನ ಆಯ್ತಾ?" ಅಷ್ಟೇ. ಮರುವರ್ಷ ಅವನಿಗೆ ಬೇರೆ ಕಡೆ ಮದುವೆಯಾಯಿತು. ಚಿಕ್ಕಮ್ಮನ ಮಗಳು ಕಳಸ ಹಿಡಿದಳು. ನಾನು ನೆಂಟರ ಸಾಲಿನಲ್ಲಿ ಕೂತು ಉಂಡು ಬಂದೆ.

ಯಜಮಾನರೂ ಚಿಕಿತ್ಸೆ ಮುಗಿಸಿದರು. ನನ್ನ ರಕ್ತ ಈಗ ಸರಿಯಾಗಿದೆ ಎಂದಿದ್ದಾರೆ. ಒಂದೇ ಮನೆಯಲ್ಲಿದ್ದೇವೆ, ಹುಳು ಸಾಕುತ್ತೇವೆ, ಮಗನನ್ನು ಶಾಲೆಗೆ ಕಳಿಸುತ್ತೇವೆ. ಕ್ಷಮಿಸಿದೆಯಾ ಎಂದು ಯಾರಾದರೂ ಕೇಳಿದರೆ, ಇಲ್ಲ.

ಮೊನ್ನೆ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು, ಮೊದಲು ಹರೀಶನಿಗೆ ಗೊತ್ತುಮಾಡಿದ್ದವಳು. ತುಂಬು ಬಸುರಿ. ಪಕ್ಕದಲ್ಲಿದ್ದ ಅವಳ ತಾಯಿ ನನ್ನನ್ನು ಗುರುತು ಹಿಡಿದು, ನಮ್ಮ ಮನೆತನವನ್ನೇ ನಾಲ್ಕು ಜನರ ಮುಂದೆ ಜಾಲಾಡಿದಳು. ನಾನು ತುಟಿ ಬಿಚ್ಚಲಿಲ್ಲ. ನನ್ನ ತಮ್ಮನನ್ನು ಮದುವೆಯಾಗಿದ್ದರೂ ಆ ಹುಡುಗಿಗೆ ಏನೂ ಆಗುತ್ತಿರಲಿಲ್ಲ, ಅದು ಈಗ ನನಗೆ ಗೊತ್ತು. ಅವತ್ತು ಯಾರಿಗೂ ಗೊತ್ತಿರಲಿಲ್ಲ.