ಯಗಚಿಯ ನಡುವಿನ ಒರತೆ

ಆಗೆಲ್ಲ ನಮ್ಮ ಕಣಕಟ್ಟೆ ಕಡೆಯ ಮಕ್ಕಳಿಗೆ ನೀರು ಚೆಲ್ಲುವುದೆಂದರೆ ಅನ್ನ ಚೆಲ್ಲಿದಷ್ಟೇ ತಪ್ಪು. ಮುಖ ತೊಳೆದ ನೀರು ಬೋಸಿಗೆ, ಬೋಸಿಯಿಂದ ತೆಂಗಿನ ಸಸಿಗೆ. ಕುಡಿಯಲು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಎಷ್ಟು ಹೊತ್ತು ಕುದಿಸಿದರೂ ತೊಗರಿಬೇಳೆ ಬೇಯುತ್ತಿರಲಿಲ್ಲ. ಅಪ್ಪ ಪಿಟಕ್ಕೆನ್ನದೆ ಆ ಸಾರನ್ನೇ ಮುದ್ದೆಗೆ ಸುರಿದುಕೊಂಡು ಉಣ್ಣುತ್ತಿದ್ದ.

ಅವ್ವ ಹುಟ್ಟಿದ್ದು ಬೇಲೂರಿನ ಆಚೆ, ಯಗಚಿ ಹೊಳೆಯ ದಂಡೆಯ ಹಳ್ಳಿಯಲ್ಲಿ. ಬೇಸಿಗೆ ರಜಕ್ಕೆ ಅಪ್ಪನ ಜೊತೆ ನನ್ನನ್ನು ತವರಿಗೆ ಕಳಿಸುವಾಗ ಪ್ರತಿ ಸಲವೂ ಅದೇ ಎಚ್ಚರಿಕೆ: “ನಮಗೆ ನೀರಿಗೆ ಕಷ್ಟ ಅಂತ ಮಾವನ ಹತ್ರ ಬಾಯಿ ಬಿಟ್ಟೀಯ, ಜೋಕೆ. ನೀರಿಲ್ಲದ ಸೀಮೆಗೆ ಕೊಡೋದು ಬೇಡ ಅಂತ ಅವನು ಬಡ್ಕೊಂಡಿದ್ದ. ನಾನೇ ಹಟ ಮಾಡಿ ಒಪ್ಪಿದ್ದು.” ಮಾವ ನಮ್ಮೂರಿಗೆ ಬರುತ್ತಿದ್ದುದು ಗೌರಿ ಹಬ್ಬದ ಬಾಗಿನಕ್ಕೆ ಮಾತ್ರ. ಆಗ ಮಳೆ ಬಿದ್ದು ಕೆರೆಯಲ್ಲಿ ನೀರಿರುತ್ತಿತ್ತು. ಅವ್ವನ ಗುಟ್ಟು ಹಾಗೇ ಉಳಿದಿತ್ತು.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆ. ಹೊಳೆಗೆ ಅಣೆಕಟ್ಟು ಏಳುತ್ತಿತ್ತು. “ಮುಂದಿನ ಸಲ ನೀನು ಬರೋ ಹೊತ್ಗೆ ಇದೆಲ್ಲ ಮುಳುಗಿರ್ತೈತೆ ಕಣವ್ವ. ಬಾ, ಹೊಳೆ ತೋರಿಸ್ತೀನಿ” ಎಂದು ಮಾವ ಹರಿಗೋಲು ಇಳಿಸಿದ. ಜೊತೆಗೆ ಒಂದು ಬಿಂದಿಗೆ, ಬಟ್ಟೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.

ಬಿಸಿಲಿಗೆ ಹರಿಗೋಲಿನ ಟಾರು ಘಮ್ಮೆನ್ನುತ್ತಿತ್ತು. ಎರಡೂ ದಂಡೆಗೆ ಹೊಳೆಮತ್ತಿ ಮರಗಳು ಬಾಗಿ ನೆರಳು ಹಿಡಿದಿದ್ದವು. ಮಾವ ಹುಟ್ಟು ಹಾಕುತ್ತಾ ಒಂದೊಂದು ಮಡುವಿನ ಹೆಸರು ಹೇಳುತ್ತಿದ್ದ. ಅವ್ವ ಈಜು ಕಲಿತದ್ದು ಎಲ್ಲಿ, ಕಾಲುಗೆಜ್ಜೆ ಕಳಕೊಂಡದ್ದು ಎಲ್ಲಿ ಎಂದು ತೋರಿಸುತ್ತಿದ್ದ. ಹರಿಗೋಲು ಹಳೆಯದು, ತಳದಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಡಬ್ಬಿಯಲ್ಲಿ ಮೊಗೆದು ತೆಗೆಯುವುದು ನನ್ನ ಕೆಲಸ. ಶ್ರದ್ಧೆಯಿಂದ ಮೊಗೆದೆ. ಸ್ವಲ್ಪ ಹೊತ್ತಿಗೆ ಹರಿಗೋಲು ನನ್ನ ಕಡೆಗೇ ವಾಲತೊಡಗಿತು.

ಮಾವ ತಿರುಗಿ ನೋಡಿದ. ಬಿಂದಿಗೆ ಕಂಠದ ತನಕ ತುಂಬಿತ್ತು.

“ಅಯ್ಯೋ ಪೆದ್ದಿ, ಆಚೆಗೆ ಚೆಲ್ಲೋದು ಬಿಟ್ಟು ಬಿಂದಿಗೆಗೆ ಯಾಕೆ ತುಂಬ್ದೆ?”

“ಸಸಿಗೆ ಹಾಕೋಕೆ ಆಯ್ತದಲ್ಲ ಮಾವ.”

ಸುತ್ತ ಹೊಳೆಯಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ನನ್ನ ಮುಖ ನೋಡಿದವನು ನಗು ನಿಲ್ಲಿಸಿ ಕೇಳಿದ:

“ನಿಮ್ಮೂರಲ್ಲಿ ನೀರಿಗೆ ತೊಂದ್ರೆ ಐತೇನವ್ವ?”

“ಇಲ್ಲ, ಬೇಕಾದಷ್ಟೈತೆ” ಎಂದೆ. ಆದರೆ ಅಳು ತಡೆಯಲಾಗಲಿಲ್ಲ. ಅವ್ವನ ಮಾನ ನನ್ನಿಂದಲೇ ಹೋಯಿತಲ್ಲ!

ಮಾವ ಹೊಳೆ ನಡುವಿನ ಮರಳುದಿಣ್ಣೆಗೆ ಹರಿಗೋಲು ತಾಗಿಸಿ, ಬಿಂದಿಗೆ ಚೆಲ್ಲಿ ತೊಳೆದು, ಮೊಣಕೈ ಆಳಕ್ಕೆ ಮರಳು ತೋಡಿದ. ಮಾವನ ಮನೆಯವರೆಲ್ಲ ಕುಡಿಯುತ್ತಿದ್ದುದು ಅಲ್ಲಿನ ಒರತೆಯ ನೀರನ್ನೇ. ಮೊದಲು ಬಂದ ಕದಡು ನೀರನ್ನು ತೆಂಗಿನ ಚಿಪ್ಪಿನಲ್ಲಿ ಎತ್ತಿ ಚೆಲ್ಲಿ, ತಿಳಿಯಾಗುವ ತನಕ ಕೂತೆವು. ಆಮೇಲೆ ಬೊಗಸೆಯೊಡ್ಡಿ ಕುಡಿದೆ. ಪ್ರತಿ ರಜದಲ್ಲೂ ಮಾವನ ಮನೆಯಲ್ಲಿ ಅದನ್ನೇ ಕುಡಿದಿದ್ದರೂ, ನೀರಿಗೂ ರುಚಿ ಇರುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ.

ರಜ ಮುಗಿದಾಗ ನನ್ನನ್ನು ಬಿಡಲು ಮಾವನೇ ಬಂದ, ಎರಡು ಕ್ಯಾನು ನೀರು ಹೊತ್ತುಕೊಂಡು. ಬಾಗಿಲಲ್ಲಿ ಅವ್ವ ಕ್ಯಾನು ನೋಡಿದಳು, ನನ್ನನ್ನು ನೋಡಿದಳು. ನಾನು ಮಾವನ ಬೆನ್ನ ಹಿಂದೆ ಸರಿದೆ.

“ನಮ್ಮ ಒರತೆ ಮುಂದಿನ ವರ್ಷಕ್ಕಿಲ್ಲ ಗೌರಾ. ಕೊನೇದಾಗಿ ನೀನೂ ಕುಡೀಲಿ ಅಂತ ತಂದೆ” ಎಂದ ಮಾವ. ಅಷ್ಟೇ.

ಅವ್ವ ಆ ನೀರಲ್ಲಿ ಬೇಳೆಗೆ ಇಟ್ಟಳು. ಬೆಣ್ಣೆಯ ಹಾಗೆ ಬೆಂದಿತು. ಮಾವನಿಗೆ ಬಡಿಸಿದಳು, ತಾನೂ ಎದುರಿಗೆ ಕೂತು ಉಂಡಳು. ಮಾವ ಹೊರಟಾಗ ಖಾಲಿ ಕ್ಯಾನು ಎರಡನ್ನೂ ತಂದು ಅವನ ಕೈಗಿಟ್ಟು, ತಲೆ ತಗ್ಗಿಸಿಯೇ ಅಂದಳು: “ಮುಳುಗೋದ್ರೊಳಗೆ ಇನ್ನೊಂದ್ಸಲ ತಂದ್ಕೊಡಣ್ಣ.”

ತರುತ್ತೇನೆಂದ. ಆದರೆ ಆ ವರ್ಷ ಮಳೆ ಬೇಗ ಹಿಡಿಯಿತು, ಒರತೆಯ ಮೇಲೆ ನೀರು ನಿಂತಿತು. ಅವ್ವ ತಾನಾಗಿ ಬಾಯಿಬಿಟ್ಟು ತನ್ನಣ್ಣನನ್ನು ಕೇಳಿದ್ದು ಅದೊಂದೇ.

ಈಗ ಅವ್ವ ಇಲ್ಲ. ಹೋದ ಬೇಸಿಗೆಯಲ್ಲಿ ಮಾವನ ಜೊತೆ ಅಣೆಕಟ್ಟೆಗೆ ಹೋಗಿದ್ದೆ. ಸಮುದ್ರದಂಥ ನೀರು; ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಪ್ರವಾಸಿಗರನ್ನು ಕೂರಿಸಿಕೊಂಡು ಮೋಟಾರು ಬೋಟುಗಳು ಓಡಾಡುತ್ತಿದ್ದವು. “ಒರತೆ ಎಲ್ಲಿತ್ತು ಮಾವ?” ಎಂದೆ. ಕಣ್ಣು ಮುಚ್ಚಿದರೂ ಹೊಳೆಯಲ್ಲಿ ದಾರಿ ತಪ್ಪದವನು ಮಾವ. ಕೈಯೆತ್ತಿ ಒಂದು ಕಡೆ ತೋರಿಸಿದ. ಇಲ್ಲ ಅನ್ನಿಸಿರಬೇಕು, ಇನ್ನೊಂದು ಕಡೆ ತೋರಿಸಿದ. ಆಮೇಲೆ ಕೈ ಇಳಿಸಿಬಿಟ್ಟ.

“ಗೊತ್ತಾಯ್ತಿಲ್ಲ ಕಣವ್ವ” ಎಂದ.